ದಾಟುವುದೂ ದಾರಿ ಕಾಯುವುದೂ

ಮೋಟಾರು ಪಂದ್ಯದಲ್ಲಿ ಎಲ್ಲಕ್ಕಿಂತಲೂ ವೇಗವಾದ ಬಂಡಿಯೇ ಗೆಲ್ಲುವುದೆಂದು ನಮ್ಮ ವಾಚಕರಲ್ಲಿ ಕೆಲವರು ಭಾವಿಸಿರಬಹುದು. ಹಾಗಿದ್ದಲ್ಲಿ ಪಂದ್ಯವೇ ಬೇಕಾಗುತ್ತಿರಲಿಲ್ಲ. ಯಂತ್ರಗಳ ಬಲವನ್ನು ಅಳೆದು ನೋಡಿದರೆ ಸಾಕಾಗುತ್ತಿದ್ದಿತು. ಮುಂದಿರುವವನನ್ನು ದಾಟುವುದು ಒಂದು ವಿದ್ಯೆ. ದಾಟಗೊಡದೆ ದಾರಿ ಕಾಯುವುದು ಇನ್ನೊಂದು ವಿದ್ಯೆ. ಈ ತಿಂಗಳು ಇವೆರಡನ್ನೂ ಕೊಂಚ ವಿಚಾರಿಸೋಣ.

ದಾಟುವವನಿಗೆ ಗಾಳಿಯೇ ಮೊದಲ ಸಹಾಯ. ಮುಂದಿನ ಬಂಡಿಯು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ, ಅದರ ಬೆನ್ನಿಗೇ ಬರುವ ಬಂಡಿಗೆ ಗಾಳಿಯ ತಡೆಯು ಕಡಮೆಯಾಗಿ, ನೇರವಾದ ದಾರಿಯಲ್ಲಿ ವೇಗವು ಹೆಚ್ಚುವುದು. ತಿರುವು ಸಮೀಪಿಸಲು ಹಿಂದಿನ ಸಾರಥಿಯು ಪಕ್ಕಕ್ಕೆ ಸರಿದು, ಎದುರಾಳಿಗಿಂತ ಒಂದು ಕ್ಷಣ ತಡವಾಗಿ ಬ್ರೇಕನ್ನೊತ್ತಿ, ಒಳಮಗ್ಗುಲನ್ನು ಹಿಡಿಯುವನು. ಇದನ್ನರಿತ ಮುಂದಿನವನು ತಾನೇ ಮೊದಲು ಒಳಮಗ್ಗುಲಿಗೆ ಸರಿಯುವನು. ಆದರೆ ಇದರಲ್ಲಿ ನಷ್ಟವೂ ಉಂಟು. ಒಳದಾರಿಯಲ್ಲಿ ತಿರುವು ಇಕ್ಕಟ್ಟಾಗಿ, ಹೊರಬೀಳುವಾಗ ವೇಗವು ಕುಂದುವುದು. ಜಾಣನಾದ ಹಿಂಬಾಲಕನು ಹೊರಗಿನಿಂದ ಅಗಲವಾಗಿ ಬಳಸಿ ಬಂದು ಆಗಲೇ ಮುಂದಾಗುವನು.

1981ನೆಯ ಜೂನ್ 21ರಂದು ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ಬಳಿ, ಜರಾಮದಲ್ಲಿ ನಡೆದ ಪಂದ್ಯವು ದಾರಿ ಕಾಯುವ ವಿದ್ಯೆಗೆ ಉತ್ತಮ ನಿದರ್ಶನವಾಗಿದೆ. ಕೆನಡಾ ದೇಶದ ಜಿಲ್ ವಿಲ್ನೂವನ ಫೆರಾರಿ ಬಂಡಿಗೆ ಯಂತ್ರಬಲವು ಹೇರಳವಾಗಿದ್ದಿತು. ತಿರುವುಗಳಲ್ಲಿ ಮಾತ್ರ ಅದು ಬಲು ಒರಟು. ಏಳನೆಯ ಸ್ಥಾನದಿಂದ ಹೊರಟ ಆತನು ಬೇಗನೆ ಎರಡನೆಯವನಾದನು. 14ನೆಯ ಸುತ್ತಿನಲ್ಲಿ, ಮುಂದಿದ್ದ ಆಲನ್ ಜೋನ್ಸನು ದಾರಿಯಿಂದ ಹೊರಕ್ಕೆ ಜಾರಲು, ಮೊದಲಿಗನಾದನು. ಕೊನೆಕೊನೆಗೆ ಲಾಫೀತ್, ವಾಟ್ಸನ್, ರಾಯ್ಟೆಮನ್, ಡಿ ಆಂಜೆಲಿಸ್ ಎಂಬ ನಾಲ್ವರೂ ಬೆನ್ನಿಗೇ ಬಂದರು. ತಿರುವುಗಳಲ್ಲಿ ಅವರ ಬಂಡಿಗಳೇ ಚುರುಕು. ವಿಲ್ನೂವನಾದರೋ ತಿರುವಿನಲ್ಲಿ ಎಡೆಗೊಡದೆ, ನೇರದಾರಿಗೆ ಬಂದೊಡನೆ ಯಂತ್ರಬಲದಿಂದ ಮುಂದಕ್ಕೆ ನುಗ್ಗುತ್ತಿದ್ದನು. 80 ಸುತ್ತುಗಳು ಮುಗಿದಾಗ ಮೊದಲಿಗನಿಗೂ ಐದನೆಯವನಿಗೂ ನಡುವೆ ಇದ್ದುದು ಸುಮಾರು ಒಂದೂಕಾಲು ಸೆಕೆಂಡು ಮಾತ್ರ!

ಅದೇ ಆತನ ಕೊನೆಯ ಜಯವಾಯಿತು. 1982ನೆಯ ಮೇ 8ರಂದು ಬೆಲ್ಜಿಯಂ ದೇಶದ ಜೋಲ್ಡರಿನಲ್ಲಿ, ಪಂದ್ಯದ ಮುನ್ನಾದಿನ, ವಿಲ್ನೂವನು ನಿಧಾನವಾಗಿ ಹೋಗುತ್ತಿದ್ದ ಬಂಡಿಯೊಂದನ್ನು ಸಮೀಪಿಸಿದನು. ಅದರ ಸಾರಥಿಯು ದಾರಿ ಬಿಡಲೆಂದು ಬಲಕ್ಕೆ ಸರಿದನು. ಅದೇ ಗಳಿಗೆಯಲ್ಲಿ ಈತನೂ ದಾಟಲೆಂದು ಬಲಕ್ಕೇ ತಿರುಗಿಸಿದನು. ಆ ಅಪಘಾತದಲ್ಲಿ ವಿಲ್ನೂವನು ಮಡಿದನು. ಇಬ್ಬರಲ್ಲಿಯೂ ದುರುದ್ದೇಶವಿರಲಿಲ್ಲ. ಒಬ್ಬನ ಮನಸ್ಸು ಇನ್ನೊಬ್ಬನಿಗೆ ತಿಳಿಯಲಿಲ್ಲ, ಅಷ್ಟೆ.

ಫಾರ್ಮುಲಾ ಒನ್ ಪಂದ್ಯಗಳಲ್ಲಿ ಸ್ಥಾನವನ್ನು ಕಾಯಲು ಒಂದಕ್ಕಿಂತ ಹೆಚ್ಚು ಸಲ ದಿಕ್ಕನ್ನು ಬದಲಿಸಕೂಡದೆಂದು ನಿಯಮ ಬಂದಿರುವುದರ ಮರ್ಮವೂ ಇದೇ. ಎದುರಾಳಿಯನ್ನು ತಡೆಯಬಹುದು, ಆದರೆ ತನ್ನ ನಡೆಯು ಅವನ ಊಹೆಗೆ ನಿಲುಕುವಂತಿರಬೇಕು. ಊರ ರಸ್ತೆಯಲ್ಲಿ ಗಾಡಿ ನಡೆಸುವ ನಮಗೆ ಗೆಲ್ಲಬೇಕಾದ ಪಂದ್ಯವೇನೂ ಇಲ್ಲವಾದ್ದರಿಂದ ತಡೆಯುವ ಮಾತೇ ಇಲ್ಲ. ಹಿಂದಿನವನು ದಾಟಬಯಸಿದಾಗ ಅತ್ತಿತ್ತ ತಿರುಗಿಸದೆ, ನಮ್ಮ ಮಗ್ಗುಲನ್ನು ಹಿಡಿದು, ವೇಗವನ್ನು ತಗ್ಗಿಸಿ ಅವನನ್ನು ಹೋಗಗೊಡುವುದೇ ಲೇಸು. ಮನೆಯಲ್ಲಿ ನಮ್ಮ ದಾರಿ ನೋಡುವವರಿರುವಂತೆ ಅವನಿಗೂ ಇರುವರಲ್ಲವೆ?