ಯಾರ ಮೊಳ, ಎಷ್ಟು ಮೊಳ?

ಗಜೇಂದ್ರಗಡದ ಕೈಮಗ್ಗದ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ‘ಗಜ’ ಎಂಬ ಮಾತು ಶಾಲೆಗೆ ಹೋಗುವ ಮೊದಲೇ ಗೊತ್ತು. ಊರ ಹೆಸರಿನ ಗಜ ಆನೆ. ಸೀರೆಯ ಗಜ 3 ಅಡಿ. ಗಜಕ್ಕೆ ಎರಡು ಮೊಳ, ಮೊಳಕ್ಕೆ ಎರಡು ಗೇಣು. ಹಿರಿಯರು ಉಡುವ 9 ಗಜದ ಸೀರೆ ಲೆಕ್ಕದಲ್ಲಿ 18 ಮೊಳ.

ಆ ಸೀರೆಯನ್ನು ಪಡಸಾಲೆಯಲ್ಲಿ ಹಾಸಿ ಅಜ್ಜಿ ತನ್ನ ಕೈಯಿಂದ ಅಳೆಯಲಿ. 19ರ ಆಸುಪಾಸು ಬಂದೀತು. ಆರು ವರ್ಷದ ಮೊಮ್ಮಗಳು ಅಳೆದರೆ 27ರ ಹತ್ತಿರ ಹೋದೀತು. ‘ನಾ ಅಳದ್ರ ಸೀರಿ ಉದ್ದ ಆತು!’ ಎಂದು ಅವಳು ಕುಣಿದರೆ ಆಶ್ಚರ್ಯವಿಲ್ಲ. ಇದು ದಡ್ಡತನವಲ್ಲ. ಅಂಕಿ ದೊಡ್ಡದಾದರೆ ವಸ್ತುವೂ ಹೆಚ್ಚು ಎಂದೇ ಅವಳು ಅಲ್ಲಿಯವರೆಗೆ ಕಲಿತದ್ದು. ಅಳೆಯುವ ಕೈ ಚಿಕ್ಕದಾದಷ್ಟೂ ಎಣಿಕೆ ಹೆಚ್ಚುತ್ತದೆ ಎಂಬುದು ಇನ್ನೂ ಕಣ್ಣಿಗೆ ಬಿದ್ದಿಲ್ಲ. ಇಲ್ಲಿ ಪಾಲಕರು ತಿದ್ದಲು ಅವಸರ ಮಾಡಬಾರದು. ‘ಸೀರಿ ಅದs ಐತಲ್ಲವಾ, ಬೆಳೀತೇನು?’ ಎಂದು ಕೇಳಿ ಸುಮ್ಮನಿದ್ದರೆ ಸಾಕು. ಮಗು ಅಜ್ಜಿಯ ಕೈಗೆ ತನ್ನ ಕೈ ಹಚ್ಚಿ ನೋಡುತ್ತದೆ.

ಶಾಲೆಗಳಲ್ಲಿ ಎಷ್ಟೋ ಸಲ ಪಾಠ ಹಿಂದುಮುಂದಾಗಿ ನಡೆಯುತ್ತದೆ. ಮೊದಲ ದಿನವೇ ಕೈಗೆ ಸ್ಕೇಲು, ಬಾಯಿಗೆ ‘100 ಸೆಂಟಿಮೀಟರಿಗೆ 1 ಮೀಟರು’. ಕಲಿತದ್ದು ನಿಜವೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ತುದಿ ಮುರಿದ ಸ್ಕೇಲಿನ ಮೇಲೆ 3ರ ಗೆರೆಯಿಂದ 11ರ ಗೆರೆಯವರೆಗೆ ಪೆನ್ಸಿಲ್ ಇಟ್ಟು, ಉದ್ದ ಎಷ್ಟೆಂದು ಕೇಳುವುದು. ‘11’ ಎನ್ನುವವರು ಬಹಳ. ಗೆರೆಗಳನ್ನೇ ಎಣಿಸಿ ‘9’ ಎನ್ನುವವರೂ ಇರುತ್ತಾರೆ. ಸರಿಯುತ್ತರ 8. ಅಳೆಯಬೇಕಾದದ್ದು ಗೆರೆಗಳ ನಡುವಿನ ಜಾಗ ಎಂಬುದನ್ನು ಆ ಮಕ್ಕಳಿಗೆ ಯಾರೂ ತೋರಿಸಿಲ್ಲ, ಅಷ್ಟೇ.

ಸ್ಕೇಲಿಗಿಂತ ಮೊದಲು ಹೋಲಿಕೆ. ರೋಣದ ಕಡೆಯ ಮಕ್ಕಳಿಗೆ ಜೋಳದ ದಂಟಿಗೆ ಬರವಿಲ್ಲ. ಎರಡು ದಂಟುಗಳ ಬುಡ ಒಂದೇ ಗೆರೆಗೆ ಹಚ್ಚಿದರೆ ಮಾತ್ರ ಯಾವುದು ಉದ್ದವೆಂದು ಹೇಳಬಹುದು. ಸರಿಸಮದ ಎರಡು ಕಡ್ಡಿಗಳಲ್ಲಿ ಒಂದನ್ನು ತುಸು ಮುಂದೆ ಸರಿಸಿದರೆ ಚಿಕ್ಕ ಮಗು ಅದೇ ಉದ್ದವೆನ್ನುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇದನ್ನು ಮಕ್ಕಳಲ್ಲಿ ಪರೀಕ್ಷಿಸಿ ತೋರಿಸಿದ್ದರು. ಏಳೆಂಟರ ವಯಸ್ಸಿಗೆ ಆ ಭ್ರಮೆ ಬಹುಮಟ್ಟಿಗೆ ಹರಿಯುತ್ತದೆ. ಬೈದರೆ ಬೇಗ ಹರಿಯುವುದಿಲ್ಲ.

ಒಟ್ಟಿಗೆ ಇಡಲಾಗದ ವಸ್ತುಗಳಿಗೆ ಹಗ್ಗ ಬೇಕು. ಮಂಚ ಬಾಗಿಲಲ್ಲಿ ಹಿಡಿಸೀತೇ ಎಂಬುದು ಮನೆಯಲ್ಲೇ ಸಿಗುವ ಪ್ರಶ್ನೆ. ನರಗುಂದದ ಎರೆಹೊಲದಲ್ಲಿ ಕೂರಿಗೆಯ ತಾಳುಗಳ ನಡುವಿನ ಅಂತರ ಒಂದೇ ಇರುವುದರಿಂದ ಸಾಲುಗಳೂ ಒಂದೇ ಅಂತರದಲ್ಲಿ ಬೀಳುತ್ತವೆ. ಅಪ್ಪನ ಜೊತೆ ಹೋದ ಹುಡುಗ ಆ ಅಂತರವನ್ನು ಗೇಣಿನಿಂದ ಅಳೆಯಲಿ. ಗೇಣಿನ ಮೇಲೆ ಗೇಣು ಏರಬಾರದು, ನಡುವೆ ಜಾಗ ಉಳಿಯಬಾರದು. ಇದೊಂದು ನಿಯಮ ಕೈಗೆ ಕೂಡಿದರೆ ಅರ್ಧ ಪಾಠ ಆದಂತೆ.

ಮೊಮ್ಮಗಳ ತೊಡಕು ದೊಡ್ಡವರಿಗೂ ಇತ್ತು. ಗಜೇಂದ್ರಗಡದ ಸಮೀಪದ ಸೂಡಿಯಲ್ಲಿ ಗುಡಿಗಳು ಎದ್ದ 11ನೇ ಶತಮಾನದ ಕಾಲದಲ್ಲಿ ಭೂಮಿಯ ಲೆಕ್ಕ ‘ಮತ್ತರು’. ಅದನ್ನು ಅಳೆಯುವ ಗಳೆ ಊರಿಂದ ಊರಿಗೆ ಬೇರೆ. ಆದ್ದರಿಂದಲೇ ಕನ್ನಡ ನಾಡಿನ ಶಾಸನಗಳಲ್ಲಿ ಇಂಥ ಗಳೆಯಿಂದ ಇಷ್ಟು ಮತ್ತರು ಎಂದು ಗಳೆಯ ಹೆಸರನ್ನೂ ಕೆತ್ತಿಸಿದ್ದುಂಟು. ದೇಶಕ್ಕೆಲ್ಲ ಮೀಟರೊಂದೇ ಅಳತೆ ಎಂಬ ಕಾನೂನು ಬಂದದ್ದು 1956ರಲ್ಲಿ.

ಮೀಟರಿಗೆ ಹೋಗುವ ಮೊದಲು ಮಕ್ಕಳೇ ಒಂದು ಪಟ್ಟಿ ಮಾಡಿಕೊಳ್ಳಲಿ. ಉದ್ದನೆಯ ಕಾಗದದ ಮೇಲೆ ಬೆಂಕಿಕಡ್ಡಿಯನ್ನು ತುದಿಗೆ ತುದಿ ಹಚ್ಚಿ ಗೆರೆ ಎಳೆಯುವುದು. ಮೊದಲ ಗೆರೆಗೆ 0, ಒಂದು ಕಡ್ಡಿ ಮುಗಿದಲ್ಲಿ 1. ಈ ಸೊನ್ನೆಯನ್ನು ತಾನೇ ಬರೆದ ಮಗು ಮುರಿದ ಸ್ಕೇಲಿಗೂ ಸುಲಭಕ್ಕೆ ಮೋಸಹೋಗದು. ಪಾಟಿಯ ಮೇಲೆ ಬರೀ 27 ಎಂದು ಬರೆದರೆ ಅಕ್ಕೋರು ಒಪ್ಪಬಾರದು. ‘27 ನನ್ನ ಮೊಳ, 19 ಅಜ್ಜಿ ಮೊಳ’ ಎಂದೇ ಬರೆಸಬೇಕು.

ಆಮೇಲೆ ಆ ಪಟ್ಟಿಯನ್ನು ಸಂತೆಗೆ ಒಯ್ಯಬಹುದು. ಹೂವು ಇನ್ನೂ ಮೊಳದ ಲೆಕ್ಕದಲ್ಲೇ ಮಾರಾಟವಾಗುತ್ತದೆ. ಹೂವಾಡಗಿತ್ತಿ ಅಳೆದುಕೊಟ್ಟ ಎರಡು ಮೊಳ ಎಷ್ಟು ಕಡ್ಡಿ, ಅವ್ವನ ಎರಡು ಮೊಳ ಎಷ್ಟು ಕಡ್ಡಿ? ಮನೆಗೆ ಬಂದು ಅಳೆದು ನೋಡಿದ ಹುಡುಗಿ ಮುಂದಿನ ವಾರ ದರ ಕೇಳುವ ಮೊದಲು ಹೂವಾಡಗಿತ್ತಿಯ ಕೈ ನೋಡಿಯಾಳು.