ಪ್ರೇಮಪತ್ರ ಬರೆದರೆ ಮನೆ ಸಿಗುತ್ತದೆಯೇ?



ಅಮೆರಿಕದಲ್ಲಿ ಮನೆ ಕೊಳ್ಳುವವರು ಮಾರುವವರಿಗೆ ಕಾಗದ ಬರೆಯುವ ರೂಢಿಯೊಂದಿದೆ. ಅದಕ್ಕೆ ಅಲ್ಲಿ 'ಲವ್ ಲೆಟರ್' ಎಂದೇ ಹೆಸರು! ಒಂದು ಮನೆಗೆ ಹತ್ತು ಜನ ಮುಗಿಬಿದ್ದಾಗ, ದುಡ್ಡಿನ ಜೊತೆ ಮಾಲೀಕನ ಮನಸ್ಸನ್ನೂ ಗೆಲ್ಲುವ ಉಪಾಯವಿದು. 'ನಿಮ್ಮ ಹಜಾರದಲ್ಲಿ ನಮ್ಮ ಮಕ್ಕಳು ಕ್ರಿಸ್‌ಮಸ್ ಆಚರಿಸುವುದು ಕಣ್ಣಿಗೆ ಕಟ್ಟಿದಂತಿದೆ' ಎಂದು ಬರೆದು, ಸಂಸಾರದ ಫೋಟೋ ಲಗತ್ತಿಸಿ ಕಳಿಸುತ್ತಾರೆ.

ಮುದ್ದಾಗಿದೆ ಅನ್ನಿಸಿತೇ? ತಾಳಿ. ಆ ಒಂದು ಸಾಲಿನಲ್ಲಿ ಧರ್ಮ ಬಂತು, ಮಕ್ಕಳ ವಿಚಾರ ಬಂತು. ಫೋಟೋದಲ್ಲಿ ಮೈಬಣ್ಣ ಬಂತು. ಮಾಲೀಕ 'ಇವರು ನಮ್ಮಂಥವರು' ಎಂದು ಒಳಗೊಳಗೇ ನಿರ್ಧರಿಸಿಬಿಟ್ಟರೆ? ಗಣಪತಿ ಹಬ್ಬದ ಮಾತು ಬರೆದ ನಮ್ಮ ತುಮಕೂರಿನ ಹುಡುಗನ ಗತಿಯೇನು?

ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸಕೂಡದೆಂದು ಅಲ್ಲಿ 1968ರಲ್ಲೇ ಕಾಯ್ದೆಯಾಯಿತು. ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದ ಒಂದೇ ವಾರದಲ್ಲಿ ಅದಕ್ಕೆ ಸಹಿ ಬಿತ್ತು. ಮಕ್ಕಳಿದ್ದಾರೆಂದು ತಿರಸ್ಕರಿಸುವುದಕ್ಕೂ 1988ರಲ್ಲಿ ತಡೆ ಬಂತು. ಇಂಥ ಕಾಗದಗಳಿಂದ ಹುಷಾರಾಗಿರಿ ಎಂದು ಅಲ್ಲಿನ ಏಜೆಂಟರ ರಾಷ್ಟ್ರೀಯ ಸಂಘವೇ 2020ರಲ್ಲಿ ಎಚ್ಚರಿಸಿತು. 2021ರಲ್ಲಿ ಆರೆಗಾನ್ ರಾಜ್ಯ, ಏಜೆಂಟರು ಈ ಕಾಗದಗಳನ್ನು ಮಾಲೀಕರಿಗೆ ದಾಟಿಸಬಾರದೆಂದು ಕಾನೂನನ್ನೇ ಮಾಡಿತು. ಆದರೆ 2022ರ ಮಾರ್ಚ್‌ನಲ್ಲಿ ನ್ಯಾಯಾಲಯ ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಅದನ್ನು ತಡೆಹಿಡಿಯಿತು. ಕಾಗದ ಗೆದ್ದಿತು, ನಿಜ. ಆದರೆ ತಾರತಮ್ಯ ತಪ್ಪೆನ್ನುವ 1968ರ ಕಾಯ್ದೆ ಅಲುಗಲಿಲ್ಲ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಇಲ್ಲಿ ಕಾಗದದ ಗೋಜೇ ಇಲ್ಲ! ಬಾಡಿಗೆಗೆ ಮನೆ ಕೇಳಿದರೆ ಗೇಟಿನಲ್ಲೇ ಪ್ರಶ್ನೆ: 'ನೀವು ಯಾವ ಜನ? ವೆಜ್ಜಾ, ನಾನ್‌ವೆಜ್ಜಾ?' ಸಂವಿಧಾನದ 15ನೇ ವಿಧಿ ತಾರತಮ್ಯ ಮಾಡಬೇಡವೆಂದು ಮೊದಲು ಹೇಳುವುದು ಸರ್ಕಾರಕ್ಕೆ. ಮನೆ ಮಾಲೀಕರನ್ನು ಕಟ್ಟಿಹಾಕುವ, ಅಮೆರಿಕದ ಆ ಕಾಯ್ದೆಯಂಥದ್ದು ನಮ್ಮಲ್ಲಿಲ್ಲ. ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂದಾಗ, 2005ರಲ್ಲಿ ಸುಪ್ರೀಂ ಕೋರ್ಟೇ ಸರಿ ಎಂದಿತು.

ಕನ್ನಡದ ನೆಲದಲ್ಲಿ ಕನ್ನಡಿಗನಿಗೆ ಮನೆಯಿಲ್ಲ ಎಂದರೆ ನಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು! ಆದರೆ ಗೇಟಿಗೆ ಹಳದಿ ಕೆಂಪು ಬಾವುಟ ಕಟ್ಟಿ, ಹಾಸನದಿಂದ ಕೆಲಸ ಹುಡುಕಿ ಬಂದ ದಲಿತ ಹುಡುಗನ ಜಾತಿ ಕೇಳುವ ನಮ್ಮವರೇ ಆದ ಮಾಲೀಕರನ್ನು ಏನೆನ್ನೋಣ? ಕಲಬುರಗಿಯ ಮುಸ್ಲಿಂ ಹುಡುಗಿಯ ಹೆಸರು ಕೇಳಿದೊಡನೆ 'ಮನೆ ಖಾಲಿ ಇಲ್ಲ' ಎನ್ನುವವರನ್ನು? ಅವರಿಬ್ಬರೂ ಕನ್ನಡಿಗರಲ್ಲವೇ?

ಯುವಕ ಯುವತಿಯರೇ, ನಮ್ಮ ಬೇಡಿಕೆ ನೇರವಾಗಿರಲಿ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜಾತಿ, ಧರ್ಮ, ಭಾಷೆ ನೋಡಿ ಬಾಗಿಲು ಮುಚ್ಚುವುದು ಅಪರಾಧವೆಂದು ವಿಧಾನಸೌಧ ಕಾನೂನು ಮಾಡಲಿ. ಮಾಲೀಕ ಅಡ್ವಾನ್ಸ್ ಕೇಳಲಿ, ಬಾಡಿಗೆ ಕೇಳಲಿ. ಕುಲ ಕೇಳುವ ಹಕ್ಕು ಅವನಿಗಿಲ್ಲ. ಅಲ್ಲಿಯವರೆಗೆ, ನಿಮ್ಮ ಅಪ್ಪನ ಮನೆಯ ಮಹಡಿ ಖಾಲಿಯಾದಾಗ ಮೊದಲ ಜಗಳ ಅಲ್ಲೇ ಶುರುವಾಗಲಿ!