ಪ್ರವೇಶ ಉಚಿತ, ಖರ್ಚು ಯಾರದು?

ಆದಾಯ ತೆರಿಗೆ ಇಲಾಖೆಯಲ್ಲಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಿದ್ದ ನೋಂದಣಿಯನ್ನು ಸಣ್ಣ ಸಂಘ, ಟ್ರಸ್ಟುಗಳು ಇನ್ನು ಹತ್ತು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು ಎಂದು 2025ರ ಹಣಕಾಸು ಕಾಯ್ದೆ ಹೇಳಿತು. ಹಿಂದಿನ ಎರಡು ವರ್ಷಗಳಲ್ಲಿ ಆದಾಯ ₹5 ಕೋಟಿ ದಾಟದವರಿಗೆಲ್ಲ ಈ ರಿಯಾಯಿತಿ. ಹವ್ಯಾಸಿ ನಾಟಕ ತಂಡ, ಯಕ್ಷಗಾನ ಸಂಘ, ಗಮಕ ಮಂಡಳಿಗಳಿಗೆ ಇದರಿಂದ ದೊಡ್ಡ ನಿರಾಳ ಎನ್ನುವವರು ಅದೇ ಉಸಿರಿನಲ್ಲಿ ಹಳೆಯ ಪಲ್ಲವಿಯನ್ನೂ ಹಾಡುತ್ತಾರೆ: ಕಂಪನಿಗಳ ಸಿಎಸ್‌ಆರ್ ಹಣ ತನ್ನಿ, ಸಂಸ್ಕೃತಿ ಇಲಾಖೆಯ ಧನಸಹಾಯ ಹೆಚ್ಚಿಸಿ.

ಧನಸಹಾಯ ಹೆಚ್ಚಲಿ, ಬೇಡ ಎಂದವರಾರು? ಆದರೆ ಈ ತಂಡಗಳು ಯಾರ ಮುಂದೆಯೂ ಕೈಚಾಚದೆ ಗಳಿಸಬಹುದಾದ ಹಣವೊಂದಿದೆ. ಅದು ಟಿಕೆಟ್ಟಿನ ಹಣ. ಕಾನೂನು ಅದನ್ನು ಅನುಮಾನದಿಂದ ನೋಡುತ್ತದೆ, ಸರ್ಕಾರ ಅದನ್ನು ಮರೆತಿದೆ, ತಂಡಗಳಂತೂ ಅದನ್ನು ನಾಚಿಕೆಯ ವಿಷಯ ಮಾಡಿಕೊಂಡಿವೆ. ಈ ಗಂಟು ಬಿಡಿಸದೆ ನೋಂದಣಿಯ ಅವಧಿಯನ್ನು ಇಪ್ಪತ್ತು ವರ್ಷಕ್ಕೆ ಏರಿಸಿದರೂ ಬೆಳಕಿನವನ ಬಾಕಿ ತೀರುವುದಿಲ್ಲ.

ಎಲ್ಲರೂ ಓದದೆ ಬಿಟ್ಟಿರುವ ಅಂಕಿಯೊಂದಿದೆ: ಶೇ 20.

ತೆರಿಗೆ ಕಾನೂನಿನ ಕಣ್ಣಿನಲ್ಲಿ ಬಡವರ ನೆರವು, ಶಿಕ್ಷಣ, ವೈದ್ಯಕೀಯ ಸಹಾಯ, ಯೋಗ, ಪರಿಸರ ರಕ್ಷಣೆ, ಸ್ಮಾರಕ ಹಾಗೂ ಕಲಾತ್ಮಕ ಮಹತ್ವದ ವಸ್ತುಗಳ ರಕ್ಷಣೆ ಇವೆಲ್ಲ ಮೊದಲ ಪಂಕ್ತಿಯ ಧರ್ಮಕಾರ್ಯಗಳು. ನಾಟಕ ಆಡುವುದು ಆ ಪಂಕ್ತಿಯಲ್ಲಿಲ್ಲ. ರಂಗಶಿಕ್ಷಣ ಕೊಡುವ ಸಂಸ್ಥೆ ಹೇಗೋ ಶಿಕ್ಷಣದ ಸಾಲಿನಲ್ಲಿ ಜಾಗ ಕೇಳೀತು. ವರ್ಷಕ್ಕೆರಡು ನಾಟಕ ಆಡುವ ತಂಡ ಮಾತ್ರ ‘ಸಾರ್ವಜನಿಕ ಉಪಯೋಗದ ಇತರ ಉದ್ದೇಶಗಳು’ ಎಂಬ ಬಾಲಂಗೋಚಿಯನ್ನೇ ಹಿಡಿದುಕೊಳ್ಳಬೇಕು. ಹಳೆಯ ಕಿರೀಟವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದರೆ ಮೊದಲ ಪಂಕ್ತಿ, ತಲೆಗಿಟ್ಟು ಕುಣಿದರೆ ‘ಇತರ’. ಷರತ್ತು ಇರುವುದು ಈ ‘ಇತರ’ರಿಗೆ ಮಾತ್ರ. ಶುಲ್ಕ ಪಡೆದು ನಡೆಸುವ ವ್ಯಾಪಾರ ಸ್ವರೂಪದ ಚಟುವಟಿಕೆಯಿಂದ ಬರುವ ಹಣ ವರ್ಷದ ಒಟ್ಟು ಸ್ವೀಕೃತಿಯ ಶೇ 20 ಮೀರಬಾರದು. ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿಯ ದಿನ 2026ರ ಏಪ್ರಿಲ್ 1. ಅದರಲ್ಲಿ ಭಾಷೆ ಸರಳವಾಯಿತು, ಕಲಮುಗಳ ಸಂಖ್ಯೆ ಬದಲಾಯಿತು, ಶೇ 20 ಮಾತ್ರ ಕದಲಲಿಲ್ಲ.

ಲೆಕ್ಕ ಹಾಕಿ ನೋಡಿ. ತಾಲ್ಲೂಕು ಕೇಂದ್ರದ ತಂಡವೊಂದು ವರ್ಷದಲ್ಲಿ ₹3 ಲಕ್ಷದ ಟಿಕೆಟ್ ಮಾರಿತು ಅನ್ನೋಣ. ಅಧಿಕಾರಿ ಅದನ್ನು ವ್ಯಾಪಾರವೆಂದು ಬಗೆದರೆ, ಅದು ಐದನೇ ಒಂದು ಪಾಲಿನೊಳಗೆ ನಿಲ್ಲಲು ಒಟ್ಟು ಸ್ವೀಕೃತಿ ₹15 ಲಕ್ಷ ಇರಬೇಕು. ಉಳಿದ ₹12 ಲಕ್ಷ ದೇಣಿಗೆಯೋ ಅನುದಾನವೋ ಆಗಿ ಬರಬೇಕು. ಅಂದರೆ ಟಿಕೆಟ್ಟಿನ ಒಂದೊಂದು ರೂಪಾಯಿಗೂ ನಾಲ್ಕು ರೂಪಾಯಿ ದಾನ ಎತ್ತಬೇಕು! ನಾಟಕ ಚೆನ್ನಾಗಿದೆ ಎಂದು ಜನ ಮುಗಿಬಿದ್ದರೆ ತಂಡ ಇನ್ನಷ್ಟು ಮನೆ ಬಾಗಿಲು ತಟ್ಟಬೇಕು. ಖಾಲಿ ಕುರ್ಚಿಗಳ ಮುಂದೆ ಅನುದಾನದಲ್ಲಿ ಆಡಿದ ತಂಡಕ್ಕೆ ಈ ತಾಪತ್ರಯವೇ ಇಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಅಪ್ಪಟ ಧರ್ಮಸಂಸ್ಥೆ.

ಹಾಗಾದರೆ ಆ ನೋಂದಣಿಯ ಗೊಡವೆಯೇ ಬೇಡ ಎನ್ನಬಹುದು. ಬಹಳಷ್ಟು ತಂಡಗಳಿಗೆ ತೆರಿಗೆ ಕಟ್ಟುವಷ್ಟು ಹಣ ಉಳಿಯುವುದೇ ಇಲ್ಲವಲ್ಲ. ಆದರೆ ಸಿಎಸ್‌ಆರ್ ಜಪ ಮಾಡುವವರು ನಿಯಮವನ್ನು ಓದಬೇಕು. ಕಂಪನಿ ತನ್ನ ಸಿಎಸ್‌ಆರ್ ಹಣವನ್ನು ಹೊರಗಿನ ಸಂಘವೊಂದರ ಮೂಲಕ ಖರ್ಚು ಮಾಡಬೇಕಾದರೆ ಆ ಸಂಘಕ್ಕೆ 12ಎ ಎಂದು ಕರೆಯುವ ಇದೇ ನೋಂದಣಿ ಇರಬೇಕು, ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಅನುಮೋದನೆ ಇರಬೇಕು, ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಪ್ರತ್ಯೇಕ ನೋಂದಣಿಯೂ ಆಗಬೇಕು. ಸಿಎಸ್‌ಆರ್ ಬೇಕಾದರೆ 12ಎ ಬೇಕು; 12ಎ ಬಂದ ದಿನದಿಂದ ಟಿಕೆಟ್ಟಿನ ಮೇಲೆ ಶೇ 20ರ ಕತ್ತಿ. ದಾನಿಯನ್ನು ಹುಡುಕಿಕೊಂಡು ಹೋದ ತಂಡ ತನ್ನ ಪ್ರೇಕ್ಷಕನನ್ನು ಬಿಟ್ಟುಕೊಡುತ್ತದೆ. ಇಷ್ಟೆಲ್ಲ ಆಗಿಯೂ ಕಂಪನಿಯ ಹಣ ಸಾಗರಕ್ಕೋ ಸಿಂಧನೂರಿಗೋ ಬರುತ್ತದೆಂಬ ಖಾತರಿಯೇನೂ ಇಲ್ಲ. ಕಂಪನಿಗಳ ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಕಲೆ ಮತ್ತು ಸಂಸ್ಕೃತಿಗೆ ಜಾಗವಿದೆ, ನಿಜ. ಶಾಲೆ, ಆಸ್ಪತ್ರೆ, ಕೆರೆಗಳ ಜೊತೆ ಪೈಪೋಟಿಗೆ ನಿಂತ ಜಾಗ ಅದು.

ಇನ್ನೊಂದು ತಮಾಷೆ. ಬೀದಿನಾಟಕ ಮುಗಿದ ಮೇಲೆ ಜೋಳಿಗೆ ಹಿಡಿಯುತ್ತಾರಲ್ಲ, ಅದರಲ್ಲಿ ಬೀಳುವ ಹೆಸರಿಲ್ಲದ ದೇಣಿಗೆಯನ್ನು ವರ್ಷಕ್ಕೆ ₹1 ಲಕ್ಷದವರೆಗೆ ತೆರಿಗೆಯವರು ಮುಟ್ಟುವುದಿಲ್ಲ. ಆಟ ಮುಗಿದ ಮೇಲೆ ಬೇಡಿದರೆ ದೇಣಿಗೆ, ಶುರುವಾಗುವ ಮುಂಚೆ ರಸೀದಿ ಕೊಟ್ಟು ಪಡೆದರೆ ವ್ಯಾಪಾರದ ಶಂಕೆ.

ಹಕ್ಕುಸ್ವಾಮ್ಯದ ಕಾನೂನಿನಲ್ಲೂ ಇದೇ ಮನೋಭಾವ. 1957ರ ಕಾಯ್ದೆಯ 52ನೇ ಕಲಮಿನಲ್ಲಿ ಹವ್ಯಾಸಿ ಸಂಘಗಳಿಗೆ ಒಂದು ವಿನಾಯಿತಿ ಇದೆ: ಹಣ ಕೊಡದ ಪ್ರೇಕ್ಷಕರ ಮುಂದೆ ಆಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥ ಆಡಿದರೆ, ಕೃತಿಸ್ವಾಮ್ಯದ ಉಲ್ಲಂಘನೆಯಾಗದು. ಈ ಮಾತು ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಮ್ಮ ಶಿವರಾಮ ಕಾರಂತರ ಯಕ್ಷಗಾನದ ಹೆಸರಿನಲ್ಲೇ. ಕಾರಂತರು ರೂಪಿಸಿದ ಶೈಲಿಯಲ್ಲಿ 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಆಡಿದ್ದಕ್ಕೆ, ಅವರ ಉಯಿಲಿನ ಪ್ರಕಾರ ಹಕ್ಕು ಪಡೆದವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಮೇಲೆ ದಾವೆ ಹೂಡಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಉಯಿಲಿನ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಹವ್ಯಾಸಿ ಸಂಘದ ವ್ಯಾಪ್ತಿಗೆ ಬರುವ ಸಂಸ್ಥೆ ಹಣ ಕೊಡದ ಪ್ರೇಕ್ಷಕರಿಗೆ ಆಡಿ ತೋರಿಸಿದರೆ ಅದು ಉಲ್ಲಂಘನೆಯಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. ನಮ್ಮ ಸಂಘಟಕರು ಇದನ್ನು ಗೆಲುವೆಂದು ಓದಿಕೊಂಡರೆ ನನ್ನ ಒಪ್ಪಿಗೆಯಿಲ್ಲ. ದೇವಸ್ಥಾನದ ಗೋಪುರಕ್ಕೆಂದು ಟಿಕೆಟ್ ಮಾರಿದರೆ ಅನುಮತಿ ಬೇಡ. ಹಾಲ್ ಬಾಡಿಗೆ ಕಟ್ಟಲು ಮಾರಿದರೆ ಬೇಕು. ಇದರಲ್ಲಿ ಕೈಸುಟ್ಟುಕೊಳ್ಳುವವನು ನಾಟಕಕಾರ. ಉಚಿತ ಪ್ರದರ್ಶನವೆಂದರೆ ಅವನಿಗೆ ಗೌರವಧನವೂ ಉಚಿತವಾಗಿ ಹಾರಿಹೋದಂತೆ. ಟಿಕೆಟ್ ಇಟ್ಟು, ಅನುಮತಿ ಕೇಳಿ, ಅವನ ಪಾಲು ಅವನಿಗೆ ತಲುಪಿಸುವುದೇ ಮರ್ಯಾದೆ.

ಕಾನೂನಿನಲ್ಲಿ ದಾರಿಯೇ ಇಲ್ಲವೆಂದಲ್ಲ. 2022ರ ಅಕ್ಟೋಬರ್‌ನಲ್ಲಿ ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ‘ಇತರ ಉದ್ದೇಶ’ದ ಸಂಸ್ಥೆಗಳ ಬಗ್ಗೆ ವಿವರವಾಗಿ ಹೇಳಿತು: ತಗಲಿದ ವೆಚ್ಚಕ್ಕೆ ಸಮನಾಗಿ, ಅಥವಾ ಅದರ ಮೇಲೆ ತೀರಾ ಅತ್ಯಲ್ಪ ಸೇರಿಸಿ ಪಡೆಯುವ ಶುಲ್ಕ ವ್ಯಾಪಾರವಾಗದು, ವೆಚ್ಚಕ್ಕಿಂತ ಗಣನೀಯವಾಗಿ ಹೆಚ್ಚು ಪಡೆದರೆ ಶೇ 20ರ ಮಿತಿ ಅನ್ವಯಿಸುತ್ತದೆ. ಹವ್ಯಾಸಿ ತಂಡಕ್ಕೆ ಇದಕ್ಕಿಂತ ಅನುಕೂಲದ ಮಾತು ಇನ್ನೇನು ಬೇಕು? ಒಂದು ಪ್ರದರ್ಶನದ ಖರ್ಚನ್ನೆಲ್ಲ ಟಿಕೆಟ್ಟಿನಿಂದಲೇ ಹುಟ್ಟಿಸಿದ ತಂಡ ಈ ರಾಜ್ಯದಲ್ಲಿ ಹುಡುಕಿದರೆ ಸಿಗಬಹುದು. ಗಣನೀಯ ಲಾಭ ಮಾಡಿದ್ದನ್ನು ತೋರಿಸಿ ನೋಡೋಣ. ಆದರೂ ವರ್ಷ ಕಳೆದ ಮೇಲೆ ಕೇಳಿದರೆ ಖರ್ಚಿನ ಚೀಟಿ ಯಾರ ಬಳಿಯೂ ಇರುವುದಿಲ್ಲ. ಆಟ ಮುಗಿದ ರಾತ್ರಿ ಕಾರ್ಯದರ್ಶಿ ಬಣ್ಣದ ಮನೆಯ ಬಾಗಿಲಲ್ಲೇ ನಿಂತು ಮೈಕಿನವನಿಗೆ, ಡ್ರೆಸ್ಸಿನವನಿಗೆ, ಟೆಂಪೊ ಚಾಲಕನಿಗೆ ಕಿಸೆಯಿಂದ ನೋಟು ಎಣಿಸಿ ಕೊಡುತ್ತಾನೆ. ಚಿತ್ರಾನ್ನದ ದುಡ್ಡು ಇನ್ಯಾರೋ ಕೊಟ್ಟಿರುತ್ತಾರೆ. ಅದರಲ್ಲಿ ಅರ್ಧ ಪುಸ್ತಕಕ್ಕೆ ಏರುವುದಿಲ್ಲ. ಖರ್ಚೇ ಕಾಣದ ಲೆಕ್ಕಪತ್ರದಲ್ಲಿ ಟಿಕೆಟ್ಟಿನ ಹಣವೆಲ್ಲ ಲಾಭವಾಗಿ ಕಂಡರೆ ಅಧಿಕಾರಿಯನ್ನು ದೂರಿ ಏನು ಪ್ರಯೋಜನ?

ಜಿಎಸ್‌ಟಿಯಂತೂ ಈ ವಿಷಯದಲ್ಲಿ ಉದಾರಿ. ನಾಟಕ, ನೃತ್ಯ, ಸಂಗೀತದ ಟಿಕೆಟ್ ತಲಾ ₹500ರವರೆಗೆ ತೆರಿಗೆಮುಕ್ತ. ಮೊದಲು ₹250 ಇದ್ದ ಮಿತಿಯನ್ನು 2018ರ ಜನವರಿ 25ರಿಂದ ಇಮ್ಮಡಿ ಮಾಡಲಾಯಿತು. ವರ್ಷದ ವಹಿವಾಟು ₹20 ಲಕ್ಷದೊಳಗಿದ್ದರೆ ನೋಂದಣಿಯ ರಗಳೆಯೂ ಇಲ್ಲ. ಅಂದರೆ ಕಡಿಮೆ ದರದ ನಾಟಕದ ಟಿಕೆಟ್ ಜನಸಾಮಾನ್ಯರ ಬಾಬತ್ತು ಎಂದು ಒಂದು ತೆರಿಗೆ ಆಗಲೇ ಒಪ್ಪಿಕೊಂಡಿದೆ. ಆ ಒಪ್ಪಿಗೆಯನ್ನು ಇನ್ನೊಂದು ತೆರಿಗೆಗೂ ವಿಸ್ತರಿಸಿ ಎಂದು ನಮ್ಮ ಸಂಸದರಲ್ಲಿ ಒಬ್ಬರಾದರೂ ಕೇಳಬಹುದಿತ್ತು. ಜಿಎಸ್‌ಟಿ ವಿನಾಯಿತಿ ಪಡೆದ ಟಿಕೆಟ್ಟನ್ನು ಶೇ 20ರ ಲೆಕ್ಕದಿಂದ ಹೊರಗಿಡಲು ಒಂದು ವಾಕ್ಯದ ತಿದ್ದುಪಡಿ ಸಾಕು.

‘ಟಿಕೆಟ್ ಇಟ್ಟರೆ ಯಾರು ಬರ್ತಾರೆ ಸ್ವಾಮಿ?’ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಬೀಡುಬಿಡುವ ನಾಟಕ ಕಂಪನಿಗಳ ಟಿಕೆಟ್ ಕೊಳ್ಳುವವರು ಯಾರು? ಹೊಲ ಮನೆ ಮಾಡುವವರು, ಕೂಲಿ ಮಾಡುವವರು. ಕರಾವಳಿ, ಮಲೆನಾಡಿನಲ್ಲಿ ಡೇರೆ ಮೇಳಗಳಿಗೆ ಚೀಟಿ ಕೊಂಡು ಬೆಳಗಿನವರೆಗೆ ಕೂತವರೂ ಅಂಥವರೇ. ಕೊಂಡು ನೋಡುವ ಅಭ್ಯಾಸ ಕನ್ನಡಿಗರಿಗೆ ಇತ್ತು. ಅದನ್ನು ಬಿಡಿಸಿದ್ದರಲ್ಲಿ ಪ್ರಾಯೋಜಕರಷ್ಟೇ ಪಾಲು ಸರ್ಕಾರಿ ಉತ್ಸವಗಳದ್ದೂ ಇದೆ.

ಹಳೇ ಮೈಸೂರಿನ ಊರುಗಳಲ್ಲಿ ಇನ್ನೂ ವಿಚಿತ್ರವಾದ ವ್ಯವಸ್ಥೆ. ಮಂಡ್ಯ, ತುಮಕೂರಿನ ಕಡೆ ‘ಕುರುಕ್ಷೇತ್ರ’ ಕಲಿಯುವವರು ಪಾತ್ರಕ್ಕೆ ಹಣ ಕಟ್ಟುತ್ತಾರೆ. ಕೃಷ್ಣ, ದುರ್ಯೋಧನ ದುಬಾರಿ. ಸಣ್ಣ ಪಾತ್ರ ಅಗ್ಗ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಖರ್ಚು ಎಲ್ಲವೂ ಆ ಹಣದಲ್ಲೇ. ತಿಂಗಳುಗಟ್ಟಲೆ ರಾತ್ರಿ ಕಂದಪದ್ಯ ಉರುಹೊಡೆದವನೇ ದುಡ್ಡನ್ನೂ ಕೊಡಬೇಕು, ಮುಂದೆ ಕೂತವರು ಪುಕ್ಕಟೆ ನೋಡಬೇಕು! ಮೆಚ್ಚಿದ ನೆಂಟರು ಹಾಕುವ ನೋಟಿನ ಹಾರವೊಂದೇ ಅವನಿಗೆ ಮರಳುವ ಹಣ. ನಗರದ ಹವ್ಯಾಸಿ ತಂಡಗಳೂ ಬೇರೆಯೇನಲ್ಲ. ಅಲ್ಲಿ ಪಾತ್ರಕ್ಕೆ ದರಪಟ್ಟಿ ಇಲ್ಲ, ಅಷ್ಟೆ. ಬ್ಯಾಂಕಿನ ನೌಕರರು, ಶಾಲೆಯ ಮೇಡಂ ತಮ್ಮ ಸಂಬಳದಲ್ಲಿ ಒಂದಿಷ್ಟು ತೆಗೆದಿಡುತ್ತಾರೆ. ಆ ಸಂಬಳವಿಲ್ಲದ ಹುಡುಗ ಮುಂದಿನ ವರ್ಷ ತಂಡದಲ್ಲಿ ಇರುವುದಿಲ್ಲ. ಉಚಿತ ಪ್ರವೇಶದಿಂದ ಬಡ ಪ್ರೇಕ್ಷಕ ಒಳಗೆ ಬರುತ್ತಾನೆಂದು ವಾದಿಸುವವರು, ಅದರಿಂದಲೇ ಹೊರಬೀಳುವ ಬಡ ನಟನ ಬಗ್ಗೆ ಮಾತಾಡುವುದನ್ನು ನಾನು ಕೇಳಿಲ್ಲ. ಹಿಂದಿನ ನಾಲ್ಕು ಸಾಲು ಬಿಟ್ಟಿ ಬಿಡಿ, ಮಕ್ಕಳಿಗೆ ಬಿಟ್ಟಿ ಬಿಡಿ; ಮುಂದಿನ ಸಾಲಿನಲ್ಲಿ ಕಾರಿನಿಂದ ಇಳಿದು ಬಂದು ಕೂರುವವರಿಗೂ ಯಾಕೆ ಬಿಟ್ಟಿ?

ಹೆಗ್ಗೋಡಿನ ನೀನಾಸಮ್ ತಿರುಗಾಟವನ್ನು ಉದಾಹರಿಸುವವರು 1985ರಿಂದ ಅದು ಊರೂರಿಗೆ ನಾಟಕ ಒಯ್ದ ಸಾಹಸವನ್ನು ಹೊಗಳಿ ಮುಗಿಸಿಬಿಡುತ್ತಾರೆ. ಆ ಊರುಗಳಲ್ಲಿ ಆಟ ನಿಂತದ್ದು ಯಾರ ಬಲದಿಂದ? ಪ್ರದರ್ಶನಕ್ಕೆ ಇಂತಿಷ್ಟೆಂದು ಒಪ್ಪಿಕೊಂಡು, ಹಾಲ್ ಗೊತ್ತುಮಾಡಿ, ತಂಡದ ಊಟ ವಸತಿ ನೋಡಿಕೊಂಡು, ಪರಿಚಯದವರ ಮನೆಮನೆಗೆ ಹೋಗಿ ಟಿಕೆಟ್ ಕೊಟ್ಟು ಬಂದ ಸ್ಥಳೀಯ ಸಂಘಟಕರಿಂದ. ಮನೆಗೆ ಹೋಗಿ ಟಿಕೆಟ್ ಕೊಟ್ಟವನಿಗೆ ಪ್ರೇಕ್ಷಕನ ಹೆಸರು ಗೊತ್ತಿರುತ್ತದೆ, ಮುಂದಿನ ವರ್ಷವೂ ಆ ಬಾಗಿಲಿಗೆ ಹೋಗಬಹುದು. ಬ್ಯಾನರ್ ಕಟ್ಟಿ ಉಚಿತವಾಗಿ ಕರೆದವನಿಗೆ ಈ ಲಾಭವಿಲ್ಲ.

ರಾಜ್ಯ ಸರ್ಕಾರದ ಕಡೆ ಬರೋಣ. ಸಿನಿಮಾ ಮತ್ತು ಸಾಂಸ್ಕೃತಿಕ ರಂಗದವರ ಕ್ಷೇಮಾಭಿವೃದ್ಧಿಗೆಂದು ಸಿನಿಮಾ ಟಿಕೆಟ್, ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕುವ ಕಾನೂನನ್ನು 2024ರಲ್ಲಿ ತರಲಾಯಿತು. ಒಳ್ಳೆಯದೇ. ಆದರೆ ಅದು ವ್ಯಕ್ತಿಗಳ ಕ್ಷೇಮದ ನಿಧಿ. ಹಗಲು ಬೇರೆ ಕೆಲಸ ಮಾಡಿ ಸಂಜೆ ತಾಲೀಮಿಗೆ ಬರುವವರ ತಂಡಕ್ಕೆ ಅದರಿಂದ ಒಂದು ಹ್ಯಾಲೊಜೆನ್ ದೀಪವೂ ಬಾರದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯದ ಅರ್ಜಿಗೆ ಲಗತ್ತಿಸಬೇಕಾದದ್ದು ನೋಂದಣಿ ಪತ್ರ, ಲೆಕ್ಕಪರಿಶೋಧನಾ ವರದಿ, ಫೋಟೊ, ಆಮಂತ್ರಣ ಪತ್ರಿಕೆ. ಆ ಪತ್ರಿಕೆಯನ್ನೇ ನೋಡಿ: ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿ, ಘನ ಉಪಸ್ಥಿತಿ ಎಂದು ಮುಕ್ಕಾಲು ಪುಟ, ನಟರ ಹೆಸರು ಇರುವೆ ಸಾಲು, ತಳದಲ್ಲಿ ದಪ್ಪಕ್ಷರದಲ್ಲಿ ‘ಪ್ರವೇಶ ಉಚಿತ’. ಪ್ರೇಕ್ಷಕರು ಎಷ್ಟು ಮಂದಿ ಬಂದರು ಎಂಬುದಕ್ಕೆ ಒಂದು ಪುರಾವೆಯೂ ಅದರಲ್ಲಿಲ್ಲ.

ಇಲಾಖೆ ಮಾಡಬಹುದಾದದ್ದು ಸುಲಭ. ಸಣ್ಣ ತಂಡ ಮಾರಿದ ಪ್ರತಿ ರೂಪಾಯಿಯ ಟಿಕೆಟ್ಟಿಗೆ ಇಲಾಖೆಯೂ ಒಂದು ರೂಪಾಯಿ ಸೇರಿಸಲಿ, ವರ್ಷಕ್ಕೆ ಒಂದು ಗರಿಷ್ಠ ಮಿತಿ ಇಟ್ಟುಕೊಂಡು. ಜಿಲ್ಲಾ ರಂಗಮಂದಿರದ ಬಾಡಿಗೆಯನ್ನು ಮುಂಗಡ ಕಟ್ಟಿಸಿಕೊಳ್ಳುವ ಬದಲು ಟಿಕೆಟ್ ಹಣದಿಂದ ಮುರಿದುಕೊಳ್ಳಲಿ. ಕಳ್ಳ ಲೆಕ್ಕ ಬಂದೀತು ಎನ್ನುವ ಅಧಿಕಾರಿಗಳಿಗೆ ಹೇಳಬೇಕಾದ್ದು: ಖಾಲಿ ಹಾಲಿನ ಫೋಟೊವನ್ನು ಮುಂದಿನ ಸಾಲಿನಿಂದ ತೆಗೆದು ಲಗತ್ತಿಸುವುದಕ್ಕಿಂತ ಕ್ರಮಸಂಖ್ಯೆ ಇರುವ ಟಿಕೆಟ್ ಪುಸ್ತಕದಲ್ಲಿ ಮೋಸ ಮಾಡುವುದು ಕಷ್ಟ. ‘ಮಾರಾಟವಾದ ಟಿಕೆಟ್ ಎಷ್ಟು?’ ಎಂಬ ಕಾಲಂ ಒಂದನ್ನು ಮುಂದಿನ ಅರ್ಜಿ ನಮೂನೆಗೆ ಸೇರಿಸಲು ಬಜೆಟ್ ಭಾಷಣವೂ ಬೇಕಿಲ್ಲ, ಸಂಪುಟ ಸಭೆಯೂ ಬೇಕಿಲ್ಲ.